ಕರಗುವ ತನಕ ಕುಳಿತವರು

ನಂಬುತ್ತೇನೆಂದು ಹತ್ತು ಜನರ ಮುಂದೆ ಹೇಳಿಕೊಳ್ಳುವ ನೀವು, ಆ ನಂಬಿಕೆಯ ಒಂದೇ ಒಂದು ಮಾತಿಗಾಗಿ, ಅದನ್ನು ನಂಬದವನ ಮನೆಯ ಬಾಗಿಲನ್ನು ಹಾಡುಹಗಲಿನಲ್ಲಿ ತಟ್ಟಿ ನಗೆಪಾಟಲಾಗಲು ಎಂದಾದರೂ ಸಿದ್ಧರಾಗಿದ್ದೀರಾ? ಇಲ್ಲವೆಂದಾದರೆ, ಮಧುಗಿರಿಯ ಬಸ್ ನಿಲ್ದಾಣದಲ್ಲಿ ಆ ಭಾನುವಾರ ಮಧ್ಯಾಹ್ನ ಪಾವಗಡದ ಬಸ್ಸಿಗೆ ಕಾಯುತ್ತ ನಿಂತಿದ್ದ ಇನ್ನಾಸಪ್ಪನನ್ನು ಹೇಡಿ ಎನ್ನುವ ಅಧಿಕಾರ ನಿಮಗಿಲ್ಲ. ಆ ಮಾತನ್ನು ಅವನೇ ತನಗೆ ಹೇಳಿಕೊಳ್ಳುತ್ತಿದ್ದ. ಬೆಟ್ಟದ ಬಂಡೆ ಬಿಸಿಲನ್ನು ಊರಿನ ಮೇಲೆ ಮರಳಿ ಎಸೆಯುತ್ತಿತ್ತು. ಅಂಗಿಯಲ್ಲಿ ಬೆಳಗಿನ ಧೂಪದ ವಾಸನೆ ಇನ್ನೂ ಉಳಿದಿತ್ತು. ತಾಯಿ ತೀರಿಕೊಂಡ ತಿಂಗಳಿಗೆ ಚರ್ಚಿನಲ್ಲಿ ಮಾಡಿಸಿದ ಬಲಿಪೂಜೆಯ ನಂತರದ ಊಟಕ್ಕೆ ಬಂದ ನೆಂಟರು ಎಲೆಯ ಮುಂದೆ ಇರುವಾಗಲೇ, ಪಾವಗಡಕ್ಕೆ ಹೋಗಿ ಬರುತ್ತೇನೆಂದು ಹೆಂಡತಿಗಷ್ಟೇ ಹೇಳಿ, ತಾನು ಒಂದು ತುತ್ತನ್ನೂ ತಿನ್ನದೆ ಹೊರಟು ಬಂದಿದ್ದ. ಹೊರಟದ್ದು ಒಂದು ವಸ್ತುವನ್ನು ಹಿಂದಕ್ಕೆ ಕೇಳಲು. ನೋಡುವವರ ಕಣ್ಣಿಗೆ ಅದು ನಾಣ್ಯದಗಲದ, ಕಾಗದದಷ್ಟು ತೆಳುವಾದ, ಗೋಧಿಹಿಟ್ಟಿನ ಬಿಳಿಯ ಬಿಲ್ಲೆ. ಇನ್ನಾಸಪ್ಪನಿಗೆ, ಅವನು ಹುಟ್ಟಿ ಬೆಳೆದ ಕ್ಯಾಥೋಲಿಕ್ ಧರ್ಮಸಭೆಗೆ, ಗುರುಗಳು ಬಲಿಪೂಜೆಯಲ್ಲಿ ಅದನ್ನು ಎತ್ತಿಹಿಡಿದು ಆ ಮಾತುಗಳನ್ನು ಉಚ್ಚರಿಸಿದ ಗಳಿಗೆಯಿಂದ ಅದು ರೊಟ್ಟಿಯಲ್ಲ, ದೇವರ ದೇಹ. ಅದು ಈಗ ನಾಸ್ತಿಕನೆಂದು ತನ್ನನ್ನು ಕರೆದುಕೊಳ್ಳುವ ಗೆಳೆಯ ನಾಗಭೂಷಣನ ಕರವಸ್ತ್ರದೊಳಗೆ, ಪಾವಗಡದ ಯಾವುದೋ ಕೋಣೆಯಲ್ಲಿತ್ತು. ಅಲ್ಲಿಗೆ ಅದನ್ನು ಕಳಿಸಿದ ಕೈ ಇನ್ನಾಸಪ್ಪನದೇ.

ಬಸ್ಸು ಬಂತು, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಬೆಳಿಗ್ಗೆ ಊರಿನ ಸಣ್ಣ ದೇವಾಲಯ ತುಂಬಿಹೋಗಿತ್ತು. ಗುರುಗಳು ಬೇಗ ಮುಗಿಸಿ ಕೊರಟಗೆರೆಯ ಪೂಜೆಗೆ ಓಡಬೇಕಾಗಿದ್ದುದರಿಂದ, ಆ ಬಿಲ್ಲೆಯ ಪರಮಪ್ರಸಾದ ಹಂಚಲು ಅನುಮತಿ ಪಡೆದಿದ್ದ ಇನ್ನಾಸಪ್ಪನಿಗೂ ಒಂದು ಪಾತ್ರೆಯನ್ನು ಕೊಟ್ಟಿದ್ದರು. ಸಾಲು ಮುಂದಕ್ಕೆ ಸರಿಯುತ್ತಿತ್ತು. ಕ್ರಿಸ್ತರ ಶರೀರ, ಆಮೆನ್. ಕ್ರಿಸ್ತರ ಶರೀರ, ಆಮೆನ್. ಅತ್ತಿಗೆಯ ನಾಲಿಗೆ, ನೆರೆಮನೆಯ ಮುದುಕನ ನಡುಗುವ ಅಂಗೈ, ಅದರ ಹಿಂದೆಯೇ ನಾಗಭೂಷಣನ ಅಂಗೈ. ತೀರ್ಥಕ್ಕೆ ಚಾಚುವ ಹಾಗೆ ಎಡಗೈಯ ಮೇಲೆ ಬಲಗೈ ಇಟ್ಟು, ತುಸು ಬಾಗಿ ನಿಂತಿದ್ದ. ದೀಕ್ಷಾಸ್ನಾನ ಪಡೆದು ಧರ್ಮಸಭೆಗೆ ಸೇರದವರಿಗೆ ಅದನ್ನು ಕೊಡಕೂಡದೆಂಬುದು ಇನ್ನಾಸಪ್ಪನಿಗೆ ತನ್ನ ಹೆಸರಿನಷ್ಟೇ ಗೊತ್ತಿತ್ತು. ಎದೆಯ ಮೇಲೆ ಕೈ ಕಟ್ಟಿಕೊಳ್ಳಿ ಎಂದು ಮೆಲ್ಲಗೆ ಹೇಳಿ, ಹಣೆಯ ಮೇಲೆ ಶಿಲುಬೆ ಗುರುತು ಹಾಕಿ ಕಳಿಸಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಮರ್ಯಾದೆಗೆ ಅಂಜಿದೆ ಎಂದು ಆಮೇಲೆ ತನಗೆ ಹೇಳಿಕೊಂಡಿದ್ದ. ಅದು ಸುಳ್ಳೆಂಬುದು ಮಿಡಿಗೇಶಿಯ ಕೋಟೆ ಕಿಟಕಿಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಅವನಿಗೆ ಸ್ಪಷ್ಟವಾಯಿತು. ಆ ಅಂಗೈಯನ್ನು ಕಂಡಾಗ ಎದೆಯೊಳಗೆ ಎದ್ದದ್ದು ಅಂಜಿಕೆಯಲ್ಲ, ಹಿಗ್ಗು. ಗೆದ್ದೆ ಎಂಬ ಹಿಗ್ಗು. ಕ್ರಿಸ್ತರ ಶರೀರ ಎಂದ. ಹ್ಞೂ ಮೇಷ್ಟ್ರೇ ಎಂದು ನಾಗಭೂಷಣ ಪಿಸುಗುಟ್ಟಿದ. ಮುಂದಿನವನಿಗೆ ಕೊಡುತ್ತ ಇನ್ನಾಸಪ್ಪ ವಾರೆಗಣ್ಣಿನಿಂದ ನೋಡಿದ: ನಾಗಭೂಷಣ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಕಂಬದ ಮರೆಗೆ ಹೋಗಿ, ನೀಲಿ ಚೌಕಳಿಯ ಕರವಸ್ತ್ರ ಬಿಡಿಸಿ, ಅದರೊಳಗಿಟ್ಟು, ನಾಲ್ಕು ಮಡಿಕೆ ಮಡಚಿ ಅಂಗಿಯ ಜೇಬಿಗೆ ಸೇರಿಸಿದ. ಆಗಲಾದರೂ ಪಾತ್ರೆಯನ್ನು ಪೀಠದ ಮೇಲಿಟ್ಟು ಹೋಗಿ ಕೇಳಬಹುದಾಗಿತ್ತು. ಸಾಲು ಉದ್ದವಿತ್ತು. ತಾಯಿಯ ಪಟಕ್ಕೆ ಹಾಕಿದ ಹಾರ ಗಾಳಿಗೆ ಅಲುಗುತ್ತಿತ್ತು.

ಈ ಗೆಲುವು ಸೋಲುಗಳ ಲೆಕ್ಕ ಆರಂಭವಾದದ್ದು ಮಧುಗಿರಿಯ ಒಂದು ಟೀ ಅಂಗಡಿಯಲ್ಲಿ. ಇನ್ನಾಸಪ್ಪ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದ. ನಾಗಭೂಷಣ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ಪ್ರತಿ ಸಂಜೆ ಪಾವಗಡದ ಬಸ್ಸು ಹಿಡಿಯುತ್ತಿದ್ದ. ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಓಬಳರಾಜು ಇವರಿಬ್ಬರ ನಡುವೆ ಬೆಂಕಿ ಆರದ ಹಾಗೆ ನೋಡಿಕೊಳ್ಳುತ್ತಿದ್ದ. ಇನ್ನಾಸಪ್ಪ ಎಂಬುದು ಎಂಥಾ ಹೆಸರು ಎಂದು ಹೊಸಬರು ಕೇಳಿದರೆ, ಅದು ಸ್ಪೇನಿನ ಒಬ್ಬ ಸಂತನ ಹೆಸರು, ನಮ್ಮ ಕಡೆ ಬಂದು ಅಪ್ಪ ಸೇರಿಸಿಕೊಂಡಿತು ಎಂದು ಓಬಳರಾಜುವೇ ವಿವರಿಸಿ, ತಾನು ಮಾತ್ರ ಮೇಷ್ಟ್ರನ್ನು ಪೋಪಣ್ಣ ಎನ್ನುತ್ತಿದ್ದ. ಗಲಿಲಿಯೋ ವಿಷಯ ಬಂತು. ವಿಚಾರಣೆ ನಡೆಸಿದ್ದು ತಪ್ಪೆಂದು ಧರ್ಮಸಭೆಯೇ ಒಪ್ಪಿಕೊಂಡಿದೆಯೆಂದು ಇನ್ನಾಸಪ್ಪ ಹೇಳಿದ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಪಾದ್ರಿಗಳ ವಿಷಯ ಬಂದಾಗ ಸಮರ್ಥಿಸಲಿಲ್ಲ. ಸಮರ್ಥಿಸುವವನು ಕ್ರೈಸ್ತನಲ್ಲ ಎಂದ. ಕೊನೆಗೆ ಬಿಲ್ಲೆಯ ವಿಷಯ ಬಂತು. ಹಿಟ್ಟು ದೇಹವಾಗುವುದು ಹೇಗೆಂದು ನಾಗಭೂಷಣ ಕೇಳಿದ. ತೋರಿಕೆ ಬದಲಾಗುವುದಿಲ್ಲ, ಬಣ್ಣ ರುಚಿ ತೂಕ ಯಾವುದೂ ಬದಲಾಗುವುದಿಲ್ಲ, ಆದರೆ ಆ ವಸ್ತು ಏನಾಗಿದೆಯೋ ಅದು ಬದಲಾಗುತ್ತದೆ ಎಂದು ಇನ್ನಾಸಪ್ಪ ಪಾಠದ ಧಾಟಿಯಲ್ಲಿ ಬಿಡಿಸಿ ಹೇಳಿದ. ಓಬಳರಾಜು ಬಿಡಲಿಲ್ಲ. ಒಂದು ಬಿಲ್ಲೆ ತಂದುಕೊಡು, ಲ್ಯಾಬಿನಲ್ಲಿ ಅಯೋಡಿನ್ ಹಾಕಿ ನೋಡೋಣ ಎಂದ. ಎಲ್ಲ ಹಿಟ್ಟಿನಂತೆ ಅದೂ ನೀಲಿಯೇ ಆಗುತ್ತದೆ, ಆಗದಿದ್ದರೆ ನಮ್ಮ ಬೋಧನೆಯೇ ಸುಳ್ಳಾಗುತ್ತದೆ ಎಂದು ಇನ್ನಾಸಪ್ಪ ಉತ್ತರಿಸಿದಾಗ ನಾಗಭೂಷಣ ಗ್ಲಾಸನ್ನು ಬೆಂಚಿನ ಮೇಲಿಟ್ಟು ಅವನನ್ನೇ ನೋಡಿದ್ದ. ಯಾವ ಪರೀಕ್ಷೆಗೂ ಸಿಕ್ಕದ್ದನ್ನು ನಂಬುವವನನ್ನು ಸೋಲಿಸಲಾಗದು, ಆದರೆ ಅವನು ಗೆದ್ದಂತೆಯೂ ಅಲ್ಲ ಎಂದಿದ್ದ. ಅಂದು ಓಬಳರಾಜು ಕಡೆಯದಾಗಿ ಆಡಿದ ಮಾತು ಮಾತ್ರ ಇನ್ನಾಸಪ್ಪನ ಗಂಟಲಲ್ಲಿ ಮುಳ್ಳಿನಂತೆ ಉಳಿದಿತ್ತು.

"ಅದೆಲ್ಲ ಬುಡು ಪೋಪಣ್ಣ. ಎಲ್ರೂ ದೇವ್ರ ಮಕ್ಳು ಅಂತೀರ, ಊಟದ ಸಾಲ್ನಾಗೆ ಇವ್ನು ನಮ್ಮೋನಾ ಅಲ್ವಾ ಅಂತ ಮಕ ನೋಡ್ತೀರ. ನಿಮ್ದೂ ಒಂದು ಪಂಕ್ತಿಭೇದ ಅಲ್ದೆ ಇನ್ನೇನು?"

ಅದಕ್ಕೆ ಇನ್ನಾಸಪ್ಪ ಸರಾಗವಾಗಿಯೇ ಉತ್ತರಿಸಿದ್ದ: ಇದು ಜಾತಿಯಲ್ಲ, ಒಪ್ಪಂದ. ಮದುವೆಯಾಗದೆ ತಾಳಿ ಕಟ್ಟಿಸಿಕೊಳ್ಳಲಾದೀತೇ? ಕೇಳಿದವರು ತಲೆದೂಗಿದ್ದರು. ಆದರೆ ಅಜ್ಜನ ಕಾಲದಲ್ಲಿ ಯಾರದೋ ಜಗಲಿಯ ಕೆಳಗೆ ಕೂತು ಉಂಡವರ ಮೊಮ್ಮಗನಾದ ಓಬಳರಾಜುವಿನ ಪ್ರಶ್ನೆಗೆ ಚಂದದ ಹೋಲಿಕೆಯೊಂದು ಉತ್ತರವಾಗುತ್ತದೆಯೇ ಎಂಬ ಅನುಮಾನ ಅವನಿಗೆ ಅಂದಿನಿಂದಲೂ ಇತ್ತು. ಇಂದು ಊಟಕ್ಕೆ ಬಂದಿದ್ದ ಓಬಳರಾಜು, ಎಲೆಗೆ ಅನ್ನ ಬೀಳುತ್ತಿದ್ದಂತೆಯೇ, ನಾಗಭೂಷಣ ಕೈಚಾಚಿದ್ದನ್ನು ತಾನು ಕಂಡೆನೆಂದೂ, ಮೇಷ್ಟ್ರು ಪಾರ್ಟಿಗೆ ಆಳು ಸೇರಿಸಿಕೊಂಡರೆಂದೂ ನಕ್ಕು, ಅಥವಾ ನಾಳೆ ಲ್ಯಾಬಿನಲ್ಲಿ ಅಯೋಡಿನ್ ಬೀಳಬಹುದು ಎಂದು ಸೇರಿಸಿದ್ದ. ಅನ್ನದ ಬಟ್ಟಲನ್ನು ಇನ್ನಾಸಪ್ಪ ಕೆಳಗಿಟ್ಟದ್ದು ಆಗ.

ರಸ್ತೆ ಆಂಧ್ರದ ನೆಲವನ್ನು ಹಾದುಹೋಗುವಲ್ಲಿ ಮೊಬೈಲು ತೆಲುಗಿನಲ್ಲಿ ಸ್ವಾಗತ ಹೇಳಿ, ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡಕ್ಕೆ ಬಂತು. ನಾನು ನಿಜವಾಗಿ ನಂಬುತ್ತೇನೆಯೇ? ಪ್ರಶ್ನೆ ಹೊಸದಾಗಿತ್ತು. ಅದು ಹೆದರಿಸುವುದಕ್ಕಿಂತ ಹೆಚ್ಚಾಗಿ ಅವನನ್ನು ಕೆಣಕಿತು. ಬಾಯಲ್ಲಿ ಸಾವಿರ ಸಲ ಸಮರ್ಥಿಸಿದ್ದನ್ನು ಕಾಲು ನಂಬಿದೆ, ಇಲ್ಲದಿದ್ದರೆ ಈ ಬಸ್ಸು ಹತ್ತುತ್ತಿರಲಿಲ್ಲ. ಹಾಗಾದರೆ ಬೆಳಿಗ್ಗೆ ಕೈ ಯಾಕೆ ನಂಬಲಿಲ್ಲ? ನಂಬಿದ್ದರೆ ಗೆಳೆಯನ ಅಂಗೈಯಲ್ಲಿ ಅದನ್ನು ವಿಜಯದ ಪದಕದಂತೆ ಇಡುತ್ತಿತ್ತೇ? ಅವನು ಚಿಕ್ಕವನಾಗಿದ್ದಾಗ ಅವರ ಹಳ್ಳಿಯ ಗುಡಿಗೆ ಸಾರಿಸಿದ ನೆಲವಿತ್ತು. ಒಮ್ಮೆ ಹಂಚುವಾಗ ಒಂದು ಬಿಲ್ಲೆ ಕೈತಪ್ಪಿ ಬಿತ್ತು. ಕೀಲುನೋವಿನಿಂದ ಮೆಟ್ಟಿಲನ್ನೂ ಹತ್ತಲಾರದಿದ್ದ ಮುದಿ ಗುರುಗಳು ಎಲ್ಲವನ್ನೂ ನಿಲ್ಲಿಸಿ, ಒಂದೊಂದೇ ಮಂಡಿಯೂರಿ, ಅದನ್ನು ಎತ್ತಿಕೊಂಡು, ಬಿದ್ದ ಜಾಗವನ್ನು ನೀರು ತರಿಸಿ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿದ್ದರು. ಮರಳಿ ಏಳಲು ಇಬ್ಬರು ಹಿಡಿಯಬೇಕಾಯಿತು. ತಾಯಿ ಅವನ ಭುಜವನ್ನು ಅದುಮಿ ಹಿಡಿದಿದ್ದಳು. ಅಂದು ಅವನು ನಂಬಿದ್ದು ಯಾವ ವಾದದಿಂದಲೂ ಅಲ್ಲ, ಆ ಮಂಡಿಗಳಿಂದ. ಈ ಮಾತನ್ನು ಟೀ ಅಂಗಡಿಯಲ್ಲಿ ಅವನು ಎಂದೂ ಹೇಳಿರಲಿಲ್ಲ. ಅದು ವಾದಕ್ಕೆ ಒದಗುವಂಥದಲ್ಲವೆಂದು ತಿಳಿದಿದ್ದ.

ನಾಗಭೂಷಣನ ಮನೆ ಪಾವಗಡದ ಹಳೆಯ ಕೇರಿಯಲ್ಲಿತ್ತು. ವಳ್ಳೂರಿನ ಕಡೆಯ ಹೊಲ ಸೋಲಾರ್ ವಿದ್ಯುತ್ ಘಟಕಕ್ಕೆ ಗುತ್ತಿಗೆಗೆ ಹೋದ ಮೇಲೆ ಮನೆಯ ಮುಂದಿನ ಭಾಗಕ್ಕೆ ಟೈಲ್ಸು ಬಂದಿತ್ತು, ಹಿಂದಿನ ಭಾಗ ಹಾಗೆಯೇ ಇತ್ತು. ಬಾಗಿಲು ತೆರೆದವಳು ಅವನ ತಾಯಿ ಇಂದ್ರಮ್ಮ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಇಬ್ಬರೂ ಒಬ್ಬರನ್ನೊಬ್ಬರು ಮಾತಿನಲ್ಲಷ್ಟೇ ಬಲ್ಲವರು. ನಾಯನಾ, ನೀನೇ ಏನು ಆ ದೇವರ ಮೇಷ್ಟ್ರು ಎಂದು ಒಳಗೆ ಕರೆದು, ಮಗ ಅಂಗಡಿಗೆ ಹೋಗಿದ್ದಾನೆ ಬರುತ್ತಾನೆ ಎಂದು ಹೇಳಿ, ಕೇಳದೆಯೇ ಕಾಫಿ ಮಾಡಿ ತಂದಿಟ್ಟಳು. ಆ ಬಿಲ್ಲೆ ಸಿಕ್ಕರೆ ತಾನೇ ಭಕ್ತಿಯಿಂದ ಸೇವಿಸಿಬಿಡುವುದೆಂದು ಇನ್ನಾಸಪ್ಪ ದಾರಿಯಲ್ಲಿ ನಿಶ್ಚಯಿಸಿದ್ದ. ಹಾಗೆ ಸೇವಿಸುವುದಕ್ಕೆ ಮುಂಚಿನ ಒಂದು ಗಂಟೆ ನೀರಲ್ಲದೆ ಏನನ್ನೂ ಮುಟ್ಟಕೂಡದು. ಬೇಡಮ್ಮ ಎಂದ. ಅವಳು ಇನ್ನೊಮ್ಮೆ ಒತ್ತಾಯಿಸಿದಳು. ಅವನು ಮತ್ತೆ ಬೇಡ ಎಂದ. ಕಾರಣ ಹೇಳಲು ಹೊರಟರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಇಂದ್ರಮ್ಮ ಲೋಟವನ್ನು ಹಿಂದಕ್ಕೆ ತೆಗೆದುಕೊಂಡ ರೀತಿಯಲ್ಲಿ, ಈ ಮನೆಗೆ ಬಂದು ಹೋದ ಅನೇಕರನ್ನು ಅವಳು ಅಳೆದು ಇಟ್ಟಿದ್ದಾಳೆ, ಅವರ ಪಕ್ಕದಲ್ಲಿ ಈಗ ತನ್ನನ್ನೂ ಇಟ್ಟಳು ಎನಿಸಿ ಇನ್ನಾಸಪ್ಪನ ಕಿವಿ ಬಿಸಿಯಾಯಿತು.

ನಾಗಭೂಷಣ ಬಂದ. ಇನ್ನಾಸಪ್ಪನನ್ನು ಕಂಡು ಬೆರಗಾದ. ತಾನು ಊಟಕ್ಕೆ ನಿಲ್ಲದೆ ಬಂದದ್ದಕ್ಕೆ ಕೋಪವೇ ಎಂದು ಕೇಳಿದ. ಇನ್ನಾಸಪ್ಪ ಅಭ್ಯಾಸ ಮಾಡಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಒಮ್ಮೆಗೇ ಬಿದ್ದುಹೋದವು. ಬೆಳಿಗ್ಗೆ ಕರವಸ್ತ್ರದಲ್ಲಿ ಕಟ್ಟಿಕೊಂಡದ್ದು ಎಲ್ಲಿ, ಲ್ಯಾಬಿಗೆ ಕೊಂಡುಹೋಗಬೇಡಿ, ನನಗೆ ಹಿಂದಕ್ಕೆ ಕೊಡಿ ಎಂದುಬಿಟ್ಟ. ಲ್ಯಾಬು ಎಂಬ ಮಾತು ನಾಗಭೂಷಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಮುಖ ನೊಂದಿತು. ಅನಂತರ, ಇನ್ನಾಸಪ್ಪ ಅವನಲ್ಲಿ ಎಂದೂ ಕಾಣದಿದ್ದ ಒಂದು ಸಂಕೋಚ ಅಲ್ಲಿಗೆ ಬಂತು. ಅಡುಗೆಮನೆಯ ಕಡೆಗೊಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ.

"ಓಬಳರಾಜುಗೆ ಹೇಳ್ಬೇಡಿ ಮೇಷ್ಟ್ರೇ. ಎಲ್ಲಿಗೆ ಹೋದ್ರೂ ಅಮ್ಮಂಗೆ ಏನಾದ್ರೂ ತರಲೇಬೇಕು. ಶಿರಾ ದರ್ಗಾಗೆ ಹೋದ್ರೆ ಸಕ್ರೆ, ಶನಿಮಹಾತ್ಮನ ಗುಡಿಗೆ ಹೋದ್ರೆ ಎಳ್ಳು. ಬರಿಗೈಲಿ ಬಂದ್ರೆ, ಹೋಗಿದ್ಯೋ ಇಲ್ವೋ ಅಂತಾಳೆ. ನಾನು ನಂಬಲ್ಲ ಅನ್ನೋದು ನಂದು. ಅವಳಿಗೆ ಯಾಕೆ ತಪ್ಪಿಸ್ಲಿ."

ಇಷ್ಟೇ. ಆ ಕಡೆಯವರೆಲ್ಲ ಮಾಡುವಂತೆ, ಪೂಜೆಗೆ ಬರಲಾಗದವಳ ಪಾಲನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದ. ಗೆದ್ದ ಹಿಗ್ಗಿಗೆ ಅಲ್ಲಿ ಆಧಾರವೇ ಇರಲಿಲ್ಲ, ಬಸ್ಸಿನುದ್ದಕ್ಕೂ ಪಟ್ಟ ಭಯಕ್ಕೂ ಇರಲಿಲ್ಲ. ಇನ್ನಾಸಪ್ಪನಿಗೆ ನಗು ಬರುವಂತಾಯಿತು, ಬರಲಿಲ್ಲ. ಅಷ್ಟರಲ್ಲಿ ಇಂದ್ರಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸಂಜೆಯ ಲಿಂಗಪೂಜೆ ಮುಗಿಸಿ ಬಾಯಿಗೆ ಹಾಕಿಕೊಳ್ಳುವುದೆಂದು ಅದನ್ನು ದೇವರ ಗೂಡಿನಲ್ಲಿ ಹಿತ್ತಾಳೆ ತಟ್ಟೆಯ ಮೇಲೆ ಇಟ್ಟಿದ್ದೇನೆ ಎಂದಳು. ಆಮೇಲೆ ಕೇಳಿದಳು.

"ಯಾಕಪ್ಪಾ, ನನ್ ಬಾಯಿಗೆ ಅದು ಸೇರಬಾರ್ದಾ? ಕಾಫಿ ಕೊಟ್ರೆ ಬ್ಯಾಡ ಅಂದೆ. ನಿನ್ ಕೈಯಾರೆ ಕೊಟ್ಟಿದ್ನ ವಾಪಸ್ ಕೇಳೋಕೆ ಅಷ್ಟ್ ದೂರದಿಂದ ಬಂದ್ಬುಟ್ಟೆ. ನಮ್ ಮನೆ ಏನು ಮೈಲಿಗೆಯಾ?"

ಓಬಳರಾಜುವಿನ ಮಾತೇ ಇನ್ನೊಂದು ಬಾಯಿಯಿಂದ ಬಂದಿತ್ತು, ಇನ್ನೊಂದು ಕಡೆಯಿಂದ. ಮದುವೆ ತಾಳಿಗಳ ಹೋಲಿಕೆ ಇನ್ನಾಸಪ್ಪನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದ್ದರೆ ಕೆಟ್ಟದ್ದೇನೂ ಆಗುತ್ತಿರಲಿಲ್ಲ. ಮುದುಕಿ ಸುಮ್ಮನಾಗುತ್ತಿದ್ದಳು, ಅವನು ತನ್ನದನ್ನು ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದ. ಆ ಹೋಲಿಕೆ ಸುಳ್ಳೂ ಅಲ್ಲ. ಆದರೆ ಅದನ್ನು ಆಡುವ ಬಾಯಿ ಈಗ ಏನು ಮಾಡಲು ಹೊರಟಿದೆ ಎಂದು ಅವನಿಗೆ ಹೊಳೆದದ್ದು ಆ ಕ್ಷಣದಲ್ಲೇ. ಅದೇ ಬಾಯಿಗೆ ತಾನು ಆ ಬಿಲ್ಲೆಯನ್ನು ಹಾಕಿಕೊಳ್ಳಲಿದ್ದ. ತಿಳಿದೂ ತಿಳಿದೂ, ಗೆಲ್ಲುವ ಆಸೆಗೆ, ಕೊಡಬಾರದಲ್ಲಿ ಅದನ್ನು ಕೊಟ್ಟವನು, ಪಾಪನಿವೇದನೆ ಮಾಡಿ ಕ್ಷಮೆ ಪಡೆಯುವ ತನಕ ಅದನ್ನು ಸೇವಿಸುವಂತಿಲ್ಲ. ಇದು ಹೊಸ ಕಾನೂನಲ್ಲ. ಶಾಲೆಗೆ ಸೇರುವ ಮುಂಚೆಯೇ ತಾಯಿ ಬಾಯಿಪಾಠ ಮಾಡಿಸಿದ್ದ ಕಾನೂನು. ಸಾಲಿನಲ್ಲಿ ಮೊದಲು ನಿನ್ನ ಮುಖವನ್ನೇ ನೋಡಿಕೋ ಎನ್ನುತ್ತದೆ ಆ ಕಾನೂನು, ಅವನು ಬೆಳಿಗ್ಗೆಯಿಂದ ಅದನ್ನು ನೋಡಿಕೊಂಡಿರಲಿಲ್ಲ.

"ಇವತ್ತು ನನ್ನ ಬಾಯಿಗೂ ಸೇರಬಾರದಮ್ಮ," ಎಂದ. "ಮೈಲಿಗೆ ನಿಮ್ಮ ಮನೆಯದಲ್ಲ. ಇವರು ಕೈಚಾಚಿದಾಗ, ಕೊಡಬಾರದು ಅಂತ ಗೊತ್ತಿದ್ದೂ ಕೊಟ್ಟೆ. ವಾದದಲ್ಲಿ ಇವರನ್ನು ಗೆದ್ದೆ ಅಂತ ಅನ್ನಿಸಿತು, ಅದಕ್ಕೆ ಕೊಟ್ಟೆ. ದೇವರನ್ನು ಹಾಗೆ ಬಳಸಿಕೊಂಡವನಿಗೆ ಅದು ಸಲ್ಲುವುದಿಲ್ಲ."

ನಾಗಭೂಷಣ ಅವನ ಕಡೆಗೆ ತಿರುಗಿದ. ಟೀ ಅಂಗಡಿಯಲ್ಲಿ ಇಷ್ಟು ವರ್ಷ ಅವನು ಹುಡುಕುತ್ತಿದ್ದ ಬಿರುಕು ಇದೇ ಇರಬಹುದು. ಆದರೆ ಅವನ ಕಣ್ಣಿನಲ್ಲಿ ಇದ್ದದ್ದು ಬೇಟೆ ಸಿಕ್ಕವನ ಹೊಳಪಲ್ಲ. ಪ್ರನಾಳದಲ್ಲಿ ತಾನು ನಿರೀಕ್ಷಿಸದ ಬಣ್ಣ ಕಂಡವನ ಗಮನ. ಹಾಗಾದರೆ ಈಗ ಅದನ್ನು ಏನು ಮಾಡುತ್ತೀರಿ ಎಂದು ಕೇಳಿದ. ನೀರಿನಲ್ಲಿ ಇಡಬೇಕು, ಪೂರ್ತಿ ಕರಗಿದ ಮೇಲೆ, ಯಾರೂ ತುಳಿಯದ ನೆಲಕ್ಕೆ ಆ ನೀರನ್ನು ಸೇರಿಸಬೇಕು ಎಂದು ಇನ್ನಾಸಪ್ಪ ಹೇಳಿದ. ಇಂದ್ರಮ್ಮ ಅವನನ್ನೇ ನೋಡುತ್ತ ನಿಂತಿದ್ದವಳು, ಕಾಫಿ ಆರಿ ಹೋಗಿದೆ, ಈಗಲಾದರೂ ಕುಡಿಯುತ್ತೀಯೋ ಇಲ್ಲವೋ ಎಂದಳು. ಕುಡಿಯುತ್ತೇನೆ ಎಂದ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ತಿಳಿದು ಉಪ್ಪಿಟ್ಟನ್ನೂ ಮಾಡಿದಳು.

ತೊಳೆದ ಗಾಜಿನ ಲೋಟ, ಕಾಲು ಭಾಗ ನೀರು. ದೇವರ ಗೂಡಿನ ಮುಂದೆ ಇನ್ನಾಸಪ್ಪ ಮಂಡಿಯೂರಿದ. ಟೈಲ್ಸು ಇಲ್ಲದ ಹಿಂದಿನ ಭಾಗದ ಗಾರೆ ನೆಲ ಮಂಡಿಗೆ ಒತ್ತಿತು. ನಾಸ್ತಿಕ ಗೆಳೆಯ ನೋಡುತ್ತಿದ್ದಾನೆ ಎಂಬುದು ತಿಳಿದಿತ್ತು. ತಟ್ಟೆಯ ಮೇಲಿದ್ದ ಬಿಲ್ಲೆಯನ್ನು ಎರಡು ಬೆರಳಿನಲ್ಲಿ ಎತ್ತಿ ನೀರಿಗೆ ಬಿಟ್ಟ. ತಟ್ಟೆಯಲ್ಲಿ ಉಳಿದಿರಬಹುದಾದ ಕಣಗಳನ್ನು ಬೆರಳಿನಿಂದ ಸವರಿ ಅದೇ ನೀರಿಗೆ ಅದ್ದಿದ. ಕರವಸ್ತ್ರವನ್ನು ಕೇಳುವ ಮುಂಚೆಯೇ ನಾಗಭೂಷಣ ತಂದು, ಬಿಡಿಸಿ, ಲೋಟದ ಮೇಲೆ ಜಾಗರೂಕತೆಯಿಂದ ಕೊಡವಿದ. ಲ್ಯಾಬಿನಲ್ಲಿ ಪುಡಿ ತೂಗುವವನ ಕೈ ಅದು. ಆಮೇಲೆ ಮೂವರೂ ಲೋಟದ ಸುತ್ತ ಕುಳಿತರು. ಬಿಲ್ಲೆ ಮೊದಲು ತೇಲಿತು, ಅಂಚಿನಲ್ಲಿ ಮೆತ್ತಗಾಯಿತು, ಅದರ ಮೇಲಿದ್ದ ಶಿಲುಬೆಯ ಗೆರೆ ಊದಿಕೊಂಡು ಅಳಿಸಿತು. ಕಡ್ಡಿಯಿಂದ ತಿರುವಿದರೆ ಬೇಗ ಆಗುತ್ತದಲ್ಲ ಎಂದು ನಾಗಭೂಷಣ ಕೇಳಿದ. ತನ್ನಷ್ಟಕ್ಕೆ ಆಗಲಿ ಎಂದ ಇನ್ನಾಸಪ್ಪ. ಉಪ್ಪಿಟ್ಟು ತಿನ್ನುತ್ತ ಆ ಮುದಿ ಗುರುಗಳ ಮಂಡಿಗಳ ಕಥೆಯನ್ನು ಮೊದಲ ಸಲ ಗೆಳೆಯನಿಗೆ ಹೇಳಿದ. ಅದನ್ನು ಕೇಳಿ ಇಂದ್ರಮ್ಮ, ತನ್ನ ಲಿಂಗ ಒಮ್ಮೆ ಶಿವದಾರ ಹರಿದು ಬಾವಿಕಟ್ಟೆಯ ಮೇಲೆ ಬಿದ್ದಾಗ ಅತ್ತೆ ತನ್ನನ್ನು ಮೂರು ಹೊತ್ತು ಉಪವಾಸ ಕೆಡವಿದ್ದನ್ನೂ, ಆ ಅತ್ತೆಯೇ ಮರೆಯಲ್ಲಿ ಬೆಲ್ಲ ತಿಂದದ್ದನ್ನೂ ನೆನೆಸಿಕೊಂಡು ನಕ್ಕಳು.

"ಒಂದು ಕೇಳ್ಲಾ ಮೇಷ್ಟ್ರೇ, ಕುಹಕಕ್ಕಲ್ಲ," ಎಂದ ನಾಗಭೂಷಣ. ಲೋಟದಲ್ಲಿ ಈಗ ಉಳಿದಿದ್ದದ್ದು ಮೋಡದಂಥ ಎಳೆಗಳು. "ಇದ್ರಲ್ಲಿ ಇರೋದು ಯಾವಾಗ ಹೋಗುತ್ತೆ?"

"ರೊಟ್ಟಿ ಅಂತ ಹೇಳಬಹುದಾದ ರೂಪ ಇರುವ ತನಕ ಇರುತ್ತದೆ. ಅದು ಅಳಿದ ಮೇಲೆ ಇಲ್ಲ."

"ಹೋಗೋದು ಎಲ್ಲಿಗೆ?"

"ಎಲ್ಲಿಂದಲೋ ನಡೆದು ಬಂದದ್ದಲ್ಲವಲ್ಲ, ಎಲ್ಲಿಗೋ ಹೋಗುವುದಕ್ಕೆ," ಎಂದ ಇನ್ನಾಸಪ್ಪ. ಹೇಳಿದ ಮೇಲೆ, ಇದು ಯಾರನ್ನೂ ಸೋಲಿಸಲು ಆಡಿದ ಮಾತಲ್ಲವೆಂಬುದು ತನಗೇ ಕೇಳಿಸಿತು. ನಾಗಭೂಷಣ ಒಪ್ಪಲಿಲ್ಲ. ಯಾವ ಎಳೆಯ ತನಕ ರೊಟ್ಟಿ, ಯಾವ ಎಳೆಯಿಂದ ನೀರು ಎಂದು ಗೆರೆ ಎಳೆಯುವವರು ಯಾರು ಎಂದ. ಒಳ್ಳೆಯ ಪ್ರಶ್ನೆ ಎಂದ ಇನ್ನಾಸಪ್ಪ. ಇಬ್ಬರೂ ಲೋಟದ ಹತ್ತಿರಕ್ಕೆ ಬಾಗಿದರು. ಅವರ ತಲೆಗಳು ತಾಗುವಷ್ಟು ಸಮೀಪವಾದವು.

ಬಿಸಿಲು ಇಳಿಯುವ ಹೊತ್ತಿಗೆ ನೀರು ಬರಿಯ ಮಸಕಾಗಿ ಉಳಿಯಿತು. ತುಳಿಯದ ನೆಲವೆಂದರೆ ಹಿತ್ತಲಿನ ಬಿಲ್ವಪತ್ರೆಯ ಬುಡವೊಂದೇ ಎಂದು ಇಂದ್ರಮ್ಮ ತೋರಿಸಿದಳು. ಇನ್ನಾಸಪ್ಪ ಒಂದು ಕ್ಷಣ ತಡೆದ. ಅವನ ಅನುಮಾನ ತಿಳಿದ ನಾಗಭೂಷಣ, ಅವರವರೇ ಅಡ್ಜಸ್ಟ್ ಮಾಡ್ಕೋತಾರೆ ಸುರೀರಿ ಎಂದ. ತಾಯಿ ಅವನ ತಲೆಗೊಂದು ಮೊಟಕಿದಳು. ಇನ್ನಾಸಪ್ಪ ನಗುತ್ತಲೇ ಬಾಗಿ ಸುರಿದ. ಒಣ ಮಣ್ಣು ಸದ್ದಿಲ್ಲದೆ ಹೀರಿಕೊಂಡಿತು. ಮುಂದಿನ ಶನಿವಾರ ಗುರುಗಳು ಪಾಪನಿವೇದನೆಗೆ ಕೂತಾಗ ಮೊದಲು ಹೋಗುವುದು ತಾನೇ ಎಂದು ಅವನು ನಿರ್ಧರಿಸಿಯಾಗಿತ್ತು. ಬಸ್ ನಿಲ್ದಾಣದ ತನಕ ಬಂದ ನಾಗಭೂಷಣ, ಮಧುಗಿರಿಯ ಬಸ್ಸು ಹೊರಡುವಾಗ ಕಿಟಕಿಗೆ ಕೈಯಿಟ್ಟು, ಆ ಗೆರೆಯ ವಿಷಯ ಇನ್ನೂ ಮುಗಿದಿಲ್ಲ, ನಾಳೆ ಓಬಳರಾಜು ಬರುವ ಮುಂಚೆ ಬನ್ನಿ ಎಂದ.

ಓದುಗರೇ, ನೀವೂ ಯಾರನ್ನೋ ವಾದದಲ್ಲಿ ಗೆದ್ದಿದ್ದೀರಿ. ಅವರ ಕೈಯಲ್ಲಿ ನಿಮ್ಮ ದೇವರನ್ನೋ, ದೇವರಿಲ್ಲವೆಂಬ ನಿಮ್ಮ ನಿಷ್ಠೆಯನ್ನೋ ಪದಕದಂತೆ ಇಟ್ಟು ಬಂದಿದ್ದೀರಿ. ಅದನ್ನು ಅವರು ಯಾರಿಗಾಗಿ ಕರವಸ್ತ್ರದಲ್ಲಿ ಕಟ್ಟಿಕೊಂಡರೆಂದು ಕೇಳಿರಲಾರಿರಿ. ಇಂದೇ ಎದ್ದು ಅವರ ಮನೆಗೆ ಹೋಗಿ. ಫೋನು ಮಾಡಬೇಡಿ, ಹೋಗಿ. ನಿಮ್ಮ ತಪ್ಪನ್ನು ಮೊದಲು ಹೇಳಿ, ಆಮೇಲೆ ಕೇಳಿ. ಮತ್ತು ಅವರು ಒಂದು ಪ್ರಶ್ನೆ ಹಾಕಿದರೆ, ಅದು ಕರಗುವ ತನಕ ಅಲ್ಲಿಯೇ ಕುಳಿತಿರಿ.